ನಾಲ್ಕು ವರ್ಷ ಬಳಸಿದ ಕೈತಯಾರಿಯ ಚೂರಿ: ಉಕ್ಕನ್ನು ಬೈದದ್ದು ನನ್ನ ತಪ್ಪು

ಈ ಚೂರಿ ನನ್ನ ಕೈಗೆ ಬಂದು ನಾಲ್ಕು ವರ್ಷ ತುಂಬಿತು. ಮಡಚುವ ಬಗೆಯದಲ್ಲ. ಅಲಗಿನ ಉಕ್ಕೇ ಹಿಡಿಯ ಕೊನೆಯವರೆಗೂ ಒಂದೇ ಪಟ್ಟಿಯಾಗಿ ಸಾಗಿದೆ. ಎರಡೂ ಮಗ್ಗುಲಿಗೆ ಮರದ ಹೋಳು ಕೂರಿಸಿ ಹಿತ್ತಾಳೆಯ ರಿವೆಟ್ ಬಡಿದಿದ್ದಾರೆ. ಅಲಗಿನ ಉದ್ದ 10 ಸೆಂಟಿಮೀಟರ್, ಬೆನ್ನಿನ ದಪ್ಪ 4 ಮಿಲಿಮೀಟರ್. ಉಕ್ಕು 1095, ಅಂದರೆ ನೂರಕ್ಕೆ ಸುಮಾರು 0.95ರಷ್ಟು ಇಂಗಾಲ ಇರುವ, ತುಕ್ಕು ಹಿಡಿಯುವ ಜಾತಿಯದು. ರಟ್ಟಿನ ಪೆಟ್ಟಿಗೆ ಬಿಚ್ಚಲು, ಹಗ್ಗ ಕತ್ತರಿಸಲು, ರಬ್ಬರ್ ಕೊಳವೆ ತುಂಡು ಮಾಡಲು, ಗೂಟ ಚೂಪು ಮಾಡಲು, ಹಣ್ಣು ಹೆಚ್ಚಲು ದಿನಕ್ಕೆ ಹತ್ತಾರು ಸಲ ಒರೆಯಿಂದ ಹೊರಬರುತ್ತದೆ.

ಮೊದಲ ವರ್ಷವೇ ವಿಮರ್ಶೆ ಬರೆದಿದ್ದರೆ ಕಟುವಾಗಿ ಬರೆಯುತ್ತಿದ್ದೆ. ಕಾಗದವನ್ನು ಸರಾಗವಾಗಿ ಸೀಳುತ್ತಿದ್ದ ಚೂರಿ ದಪ್ಪ ರಟ್ಟಿನಲ್ಲಿ ಗೇಣುದ್ದ ಹೋಗುವಷ್ಟರಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಸೇಬಿನ ಮೇಲಿಟ್ಟು ಒತ್ತಿದರೆ ಅರ್ಧದವರೆಗೆ ಇಳಿದು, ಆಮೇಲೆ ಟಕ್ಕೆಂದು ಹಣ್ಣು ಎರಡು ಹೋಳಾಗುತ್ತಿತ್ತು, ಬೆಣೆ ಬಡಿದು ಮರ ಸೀಳಿದ ಹಾಗೆ. ಉಕ್ಕಿಗೆ ಹದ ಸರಿಯಾಗಿ ಬಂದಿಲ್ಲ, ಬಾಯಿ ಬೇಗ ಮೊಂಡಾಗುತ್ತಿದೆ ಎಂದುಕೊಂಡು ವಾರಕ್ಕೆರಡು ಬಾರಿ ಮಸೆಯುತ್ತಿದ್ದೆ. ಮಸೆದಷ್ಟೂ ಕೆಲಸ ಕೆಟ್ಟಿತು.

ಕಾರಣ ತಿಳಿದದ್ದು ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆದ ದಿನ. ಹರಿತದ ಗೆರೆಯ ತುಸು ಹಿಂದೆ, ಇಳಿಜಾರು ಶುರುವಾಗುವಲ್ಲಿ, ಅಲಗು 1 ಮಿಲಿಮೀಟರಿಗಿಂತ ದಪ್ಪವಿತ್ತು. ಅಂಚು ಎಷ್ಟೇ ಹರಿತವಿರಲಿ, ಅದರ ಹಿಂದೆ ಬರುವ ಲೋಹ ರಟ್ಟನ್ನು ಪಕ್ಕಕ್ಕೆ ತಳ್ಳಿಕೊಂಡೇ ಸಾಗಬೇಕು. ಅಂಚನ್ನಷ್ಟೇ ಮಸೆಯುತ್ತಿದ್ದರೆ ಗೆರೆ ಇನ್ನೂ ದಪ್ಪವಾದ ಭಾಗಕ್ಕೆ ಏರುತ್ತದೆ. ವರ್ಷವಿಡೀ ನಾನು ಮಾಡಿದ್ದು ಅದನ್ನೇ.

ಮೂರು ಸಂಜೆ ಕುಳಿತು ತೆಳು ಮಾಡಿದೆ. 220ರ ಒರಟು ಕಲ್ಲಿನ (ಅಂಕಿ ಹೆಚ್ಚಿದಷ್ಟೂ ಕಲ್ಲು ನುಣುಪು) ಮೇಲೆ ಅಲಗನ್ನು ಬಹುತೇಕ ಮಲಗಿಸಿ, ನೀರು ಹನಿಸುತ್ತ, ಎರಡೂ ಮಗ್ಗುಲನ್ನು ಸಮನಾಗಿ ಉಜ್ಜಿದೆ. ಬೆರಳ ಸಂದಿಯೆಲ್ಲ ಕಪ್ಪು ಕೆಸರು. ತಿರುಗುವ ಸಾಣೆಗೆ ಹಿಡಿದಿದ್ದರೆ ಹತ್ತು ನಿಮಿಷ ಸಾಕಿತ್ತು, ಆದರೆ ತೆಳು ಅಂಚು ಅಲ್ಲಿ ಕ್ಷಣದಲ್ಲಿ ಕಾಯುತ್ತದೆ. ಇಂಥ ಉಕ್ಕನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದ ಮೇಲೆ ಸಾಮಾನ್ಯವಾಗಿ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮತ್ತೆ ಬಿಸಿ ಮಾಡಿ ಹದಕ್ಕೆ ತಂದಿರುತ್ತಾರೆ. ಅಂಚು ನೀಲಿಗೆ ತಿರುಗಿತೆಂದರೆ ಶಾಖ 300ರ ಹತ್ತಿರ ಹೋಗಿದೆ, ಅಲ್ಲಿ ಗಡಸು ಇಳಿದಿದೆ ಎಂದೇ ಲೆಕ್ಕ. ದಪ್ಪ ಅರ್ಧ ಮಿಲಿಮೀಟರಿಗೆ ಬಂದ ಮೇಲೆ 1000ದ ಕಲ್ಲಿನಲ್ಲಿ, ಪ್ರತಿ ಬದಿಗೆ ಸುಮಾರು 20 ಡಿಗ್ರಿ ಓರೆಯಲ್ಲಿ, ಎದುರು ಬದಿಯಲ್ಲಿ ಉಗುರಿಗೆ ತಡೆಯುವ ತೆಳು ಎಳೆ ಏಳುವವರೆಗೆ ಮಸೆದು, ಚರ್ಮದ ಪಟ್ಟಿಗೆ ಉಜ್ಜಿ ಆ ಎಳೆಯನ್ನು ತೆಗೆದೆ. ಮಾರನೆಯ ದಿನ ಸೇಬು ಸದ್ದಿಲ್ಲದೆ ತುಂಡಾಯಿತು. ಈಗ ಮಸೆಯುವುದು ತಿಂಗಳಿಗೊಮ್ಮೆ.

ಉಕ್ಕಿನ ಮೇಲೆ ಹಣ್ಣಿನ ಹುಳಿಯಿಂದ ಬೂದು-ನೀಲಿ ಪದರ ಕಟ್ಟಿದೆ. ಅದನ್ನು ಉಜ್ಜಿ ತೆಗೆಯಬೇಡಿ, ಕೆಂಪು ತುಕ್ಕನ್ನು ಅದು ಒಂದಿಷ್ಟು ತಡೆಯುತ್ತದೆ. ಪೂರ್ತಿ ತಡೆಯುವುದಿಲ್ಲ: ಒಮ್ಮೆ ಒದ್ದೆ ಚೂರಿಯನ್ನು ಚರ್ಮದ ಒರೆಗೆ ಸೇರಿಸಿ ಎರಡು ದಿನ ಮರೆತೆ, ಬೆನ್ನಿನ ಬಳಿ ಸಾಸಿವೆ ಗಾತ್ರದ ಗುಳಿಯೊಂದು ಶಾಶ್ವತವಾಗಿ ಉಳಿಯಿತು. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ. ಅಂದಿನಿಂದ ಒರೆಸಿ, ಹನಿ ಎಣ್ಣೆ ಸವರಿ, ರಾತ್ರಿ ಒರೆಯ ಹೊರಗೇ ಇಡುತ್ತೇನೆ.

ಹಿಡಿಯ ಮರ ಎರಡನೆಯ ವರ್ಷ ಕುಗ್ಗಿ ರಿವೆಟ್ ಅಂಗೈಗೆ ಒತ್ತತೊಡಗಿತು. ಮರಳು ಕಾಗದದಲ್ಲಿ ತಿಕ್ಕಿ ಅಗಸೆ ಎಣ್ಣೆ ಕುಡಿಸಿದ ಮೇಲೆ ಸರಿಹೋಯಿತು. (ಆ ಎಣ್ಣೆ ಹೀರಿದ ಬಟ್ಟೆಯನ್ನು ಮುದುರಿ ಎಸೆಯಬೇಡಿ, ತಾನೇ ಕಾದು ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ.)

ನಿಜವಾಗಿ ಬೇಸರ ತರಿಸಿದ್ದು ಒರೆ. ಹೊಲಿಗೆಯ ಒಳಬದಿಯಲ್ಲಿ ದಾರಕ್ಕೆ ಕಾವಲಾಗಿ ಚರ್ಮದ ಪಟ್ಟಿ ಇಡುವುದು ವಾಡಿಕೆ, ಇಲ್ಲಿ ಇಟ್ಟಿರಲಿಲ್ಲ. ಮೂರೇ ತಿಂಗಳಲ್ಲಿ ಅಲಗು ದಾರವನ್ನು ಕತ್ತರಿಸಿ ಹೊರಗೆ ಇಣುಕಿತು. ಸೊಂಟದಲ್ಲಿ ತೊಡುವ ವಸ್ತುವಿನಲ್ಲಿ ಈ ಲೋಪವನ್ನು ಸಣ್ಣದೆನ್ನಲಾರೆ. ತಯಾರಕರು ತಕರಾರಿಲ್ಲದೆ ಪಟ್ಟಿ ಸೇರಿಸಿ ಮರುಹೊಲಿದು ಕೊಟ್ಟರು.

ಇನ್ನೊಂದು ಮಾಡಿಸುವುದಾದರೆ ಅದೇ ಕೈಯಲ್ಲೇ ಮಾಡಿಸುತ್ತೇನೆ. ಆದರೆ ಬೆನ್ನು 3 ಮಿಲಿಮೀಟರ್, ಅಂಚಿನ ಹಿಂದೆ ಅರ್ಧ ಮಿಲಿಮೀಟರ್ ಎಂದು ಮೊದಲೇ ಬರೆದುಕೊಡುತ್ತೇನೆ, ಒರೆಯ ಪಟ್ಟಿಯನ್ನೂ ಸೇರಿಸಿ.