ರವೆನ್ನಾದ ಏರಿಯನ್ ಬ್ಯಾಪ್ಟಿಸ್ಟರಿಗೆ ಹೋಗಿ, ಆಡಿಯೋ ಗೈಡಿಗೆ ದುಡ್ಡು ಹಾಕ್ಬೇಡಿ

ಜಾಗಕ್ಕೆ 5 ಸ್ಟಾರ್, ನಾನು ಫೋನಿಗೆ ಹಾಕ್ಕೊಂಡು ಹೋಗಿದ್ದ ಆಡಿಯೋ ಗೈಡಿಗೆ 1, ಹೆಸರು ಬೇಡ ಬಿಡಿ.

ಇಟಲಿಗೆ ಹೋದ್ರೆ ರವೆನ್ನಾಗೆ ಒಂದು ದಿನ ಇಡಿ. ಈ ದೀಕ್ಷಾಸ್ನಾನದ ಕಟ್ಟಡ ಹೊರಗಿಂದ ಹಳೇ ಇಟ್ಟಿಗೆ ಗೋಡೌನ್ ಥರ ಇದೆ, ಸುತ್ತ ನೆಲ ಏರಿ 2 ಮೀಟರ್‌ಗೂ ಜಾಸ್ತಿ ಹೂತೋಗಿದೆ. ಒಳಗೆ ಹೋಗಿ ಕತ್ತೆತ್ತಿ ನೋಡಿ, ಚಿನ್ನದ ಮೊಸಾಯಿಕ್ಕು, ನಡುವೆ ಗಡ್ಡ ಮೀಸೆ ಇಲ್ಲದ ಯೇಸು ಸೊಂಟದುದ್ದ ನೀರಲ್ಲಿ ಬೆತ್ತಲೆ ನಿಂತಿದಾನೆ, ಪಾರಿವಾಳ ಕೊಕ್ಕಿಂದ ತಲೆ ಮೇಲೆ ನೀರು ಬಿಡ್ತಿದೆ, ಪಕ್ಕದಲ್ಲಿ ಜೋರ್ಡಾನ್ ನದೀನೇ ಬಿಳೀ ಗಡ್ಡದ ಮುದುಕನಾಗಿ ಕೂತಿದೆ, ಅವನ ತಲೆ ಮೇಲೆ ಕೆಂಪು ಏಡಿಕಾಲು ಬೇರೆ! ಸುತ್ತ 12 ಜನ ಅಪೊಸ್ತಲರು.

ಗೈಡ್ ಹೇಳೋದು, ಏರಿಯನ್ನರಿಗೆ (ಇದನ್ನ ಕಟ್ಟಿಸಿದ ಹಳೇ ಕ್ರೈಸ್ತ ಪಂಥದವರು) ಯೇಸು ಬರೀ ಮನುಷ್ಯ, ಅದಕ್ಕೇ ಹೀಗೆ ಎಳೇ ಹುಡುಗನ ಹಾಗೆ ಬೆತ್ತಲೆ ತೋರ್ಸಿದಾರಂತೆ. ಎರಡೂ ಸುಳ್ಳು ರೀ. ಅಲೆಕ್ಸಾಂಡ್ರಿಯಾದ ಪಾದ್ರಿ ಏರಿಯಸ್ ಹೇಳಿದ್ದು, ಮಗನನ್ನ ತಂದೆಯೇ ಉಂಟುಮಾಡಿದ್ದು, ಜಗತ್ತಿಗಿಂತ ಮೊದಲೇ, ಆದ್ರೂ ಮಗ ಇಲ್ಲದ ಹೊತ್ತೊಂದಿತ್ತು, ಹಾಗಾಗಿ ತಂದೆಗೆ ಸಮ ಅಲ್ಲ ಅಂತ. 325ರಲ್ಲಿ ಬಿಷಪ್ಪರ ನೈಸಿಯಾ ಸಭೆ ಇದನ್ನ ತಳ್ಳಿಹಾಕ್ತು, ಆದ್ರೆ ಮುಂದೆ ಇಟಲಿ ಆಳಿದ ಜರ್ಮಾನಿಕ್ ಜನ ಗಾಥರಿಗೆ ಕ್ರೈಸ್ತಮತ ಮುಟ್ಟಿದ್ದೇ ಈ ಪಂಥದವರಿಂದ, ಅವರ ರಾಜ ಥಿಯೊಡೊರಿಕ್ ಕಾಲದ್ದು ಈ ಕಟ್ಟಡ. ಇನ್ನು ಚಿತ್ರದ ವಿಷ್ಯ: ಅದೇ ಊರಲ್ಲಿ ಎದುರು ಪಾರ್ಟಿಯವರ, ಅಂದ್ರೆ ನೈಸಿಯಾ ಕಡೆಯವರ, ನಿಯೋನಿಯನ್ ಬ್ಯಾಪ್ಟಿಸ್ಟರಿ ಇದೆ, ಇದಕ್ಕಿಂತ ಹಳೇದು, ಅಲ್ಲೂ ಯೇಸು ಬೆತ್ತಲೇನೇ, ಅದೇ ನದಿ ಮುದುಕ, ಅದೇ 12 ಜನ. ಗಡ್ಡ ಇದೆಯಲ್ಲ ಅಂತೀರಾ, ಆ ಮುಖ 19ನೇ ಶತಮಾನದ ರಿಪೇರಿ. ಆ ನಿಯೋನಿಯನ್ ಚಿತ್ರ ನೋಡಿ ಏರಿಯನ್ನರು ಮಾಡಿದಾರೆ ಅಷ್ಟೇ, ಜಗಳ ಎಲ್ಲಾ ತತ್ವದಲ್ಲಿ, ಇಲ್ಲಿನ ಗೋಡೆ ಮೇಲೆ ಹುಡುಕಿದ್ರೆ ಸಿಗಲ್ಲ.

ಜಗಳ ಕಣ್ಣಿಗೆ ಕಾಣ್ಬೇಕಂದ್ರೆ ಸಾಂತ್ ಅಪೊಲಿನಾರೆ ನುವೊವೊ ಚರ್ಚಿಗೆ ಹೋಗಿ, ಅದೂ ಥಿಯೊಡೊರಿಕ್ ಕಟ್ಟಿಸಿದ್ದೇ. 540ರಲ್ಲಿ ಊರು ನೈಸಿಯಾ ಕಡೆಯ ಬೈಜಾಂಟಿಯನ್ನರ (ಪೂರ್ವ ರೋಮನ್ ಸಾಮ್ರಾಜ್ಯದವರ) ಕೈಗೆ ಹೋಯ್ತು, ಆಮೇಲೆ ಆ ಚರ್ಚನ್ನ ತಮ್ಮ ಕಡೆ ಮಾಡ್ಕೊಂಡು ಅಲ್ಲಿನ ಗೋಡೆಯ ಥಿಯೊಡೊರಿಕ್ ಅರಮನೆ ಚಿತ್ರದಲ್ಲಿದ್ದವರನ್ನೆಲ್ಲ ಕಿತ್ತು ಆ ಜಾಗಕ್ಕೆ ಪರದೆ ಕೂರಿಸಿದ್ರು, ಕಂಬಗಳ ಮೇಲೆ ಬಂದಿದ್ದ ಕೈಗಳು ಮಾತ್ರ ಹಾಗೇ ಉಳಿದ್ವು. ಗೈಡಲ್ಲಿ ಇದರ ಸುದ್ದೀನೇ ಇಲ್ಲ!

ಹೋಗೋರಿಗೆ ಒಂದ್ಮಾತು, ನಿಯೋನಿಯನ್ ಮೊದಲು ನೋಡಿ, ಆಮೇಲೆ ಇದು. ಇದಕ್ಕೆ ಟಿಕೆಟ್ ಬೇರೆ, ಉಳಿದ ಚರ್ಚುಗಳ ಕಾಂಬೋದಲ್ಲಿ ಸೇರಿಲ್ಲ.