ಬೆಲ್ಟ್ ಹೊಸದು, ಪಂಪ್ ಹಳೆಯದು: 1,80,000 ಕಿಲೋಮೀಟರ್ ಓಡಿದ ಕಾರು ಕೊಂಡ ಮೇಲೆ

ಈ ಕಾರಿನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಒಂದು ಬಿಲ್ಲಿನ ಮೇಲೆ. ಮಾರಿದವರು ಕೊಟ್ಟ ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ ಅದೇ ಇತ್ತು: 1,55,000 ಕಿಲೋಮೀಟರಿಗೆ ಟೈಮಿಂಗ್ ಬೆಲ್ಟ್ (ಎಂಜಿನ್ನಿನ ಒಳಭಾಗಗಳನ್ನು ತಾಳ ತಪ್ಪದಂತೆ ತಿರುಗಿಸುವ ಪಟ್ಟಿ) ಬದಲಿಸಿದೆ. ಮೀಟರ್ 1,80,000 ತೋರಿಸುವ ಕಾರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಏನು ಬೇಕು ಅಲ್ವಾ? ಬಿಲ್ಲಿನಲ್ಲಿ ಬರೆದಿದ್ದು ಸುಳ್ಳಲ್ಲ. ಬರೆಯದೇ ಬಿಟ್ಟಿದ್ದೇ ಆಮೇಲೆ ತೊಂದರೆ ಕೊಟ್ಟಿತು. ಅದಕ್ಕೆ ಬರುತ್ತೇನೆ.

ಪವರ್ ಎಷ್ಟು, ಡಿಕ್ಕಿ ಎಷ್ಟು ದೊಡ್ಡದು, ಲೀಟರಿಗೆ ಎಷ್ಟು ಕೊಡುತ್ತದೆ ಅನ್ನುವುದೆಲ್ಲ ಇಲ್ಲಿ ಬೇಡ. ಚಿಕ್ಕ ಪೆಟ್ರೋಲ್ ಎಂಜಿನ್, ಮ್ಯಾನುಯಲ್ ಗೇರ್, ಅಷ್ಟು ಸಾಕು. ಕೊಳ್ಳುವಾಗ ನನ್ನ ಲೆಕ್ಕ ಸರಳವಾಗಿತ್ತು. ಕಾರಿಗೆ ಕೊಡುವ ಹಣದ ಐದನೇ ಒಂದು ಭಾಗವನ್ನು ರಿಪೇರಿಗೆಂದು ಬೇರೆ ಎತ್ತಿಟ್ಟೆ. ಜಾಸ್ತಿ ಓಡಿದ ಕಾರಿಗೆ ಈ ಹಣ ಕೈಯಲ್ಲಿ ಇಲ್ಲದಿದ್ದರೆ ಇನ್ನೂ ಅಗ್ಗದ ಕಾರು ನೋಡುವುದು ವಾಸಿ ಅಂತ ನನ್ನ ಅಭಿಪ್ರಾಯ.

ಮೊದಲ ವಾರ ಹೋಗಿದ್ದು ಬರೀ ದ್ರವಗಳಿಗೆ. ಎಂಜಿನ್ ಆಯಿಲ್ ಮತ್ತು ಫಿಲ್ಟರ್, ಯಾರು ಏನೇ ಹೇಳಿದರೂ, ಕೊಂಡ ಕೂಡಲೇ ಬದಲಿಸಿ. "ಈಗಷ್ಟೇ ಹಾಕಿಸಿದ್ದೀನಿ ಸಾರ್" ಅನ್ನುವ ಮಾತಿಗೆ ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಸಾಕ್ಷಿ ಹೇಳುವುದು ಕಮ್ಮಿ. ಇಳಿಸಿದ ಆಯಿಲನ್ನು ಸುಮ್ನೆ ಚೆಲ್ಲಬೇಡಿ. ಬೆಳಕಿಗೆ ಹಿಡಿದು ನೋಡಿ. ಹಾಲು ಬೆರೆಸಿದ ಹಾಗೆ ಬೆಳ್ಳಗಿದ್ದರೆ ಒಳಗೆ ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ, ಸೇರುತ್ತಿರಬಹುದು. ಮಿಣಮಿಣ ಲೋಹದ ಪುಡಿ ಇದ್ದರೆ ಬೇರಿಂಗ್ ಸವೆಯುತ್ತಿರಬಹುದು. ನನ್ನದು ಕಪ್ಪಗಿತ್ತು, ಅಷ್ಟೇ. ಗೇರ್‌ಬಾಕ್ಸ್ ಆಯಿಲ್ ಮಾತ್ರ ಬಹುಶಃ ಕಾರ್ಖಾನೆಯಲ್ಲಿ ತುಂಬಿದ್ದೇ ಇರಬೇಕು, ಅಂಥ ವಾಸನೆ. ಇಲ್ಲೊಂದು ಮಾತು: ಗೇರ್‌ಬಾಕ್ಸ್ ಕೆಳಗಿನ ಡ್ರೈನ್ ನಟ್ ಬಿಚ್ಚುವ ಮುಂಚೆ ಮೇಲೆ ತುಂಬಿಸುವ ನಟ್ ಬಿಚ್ಚುತ್ತದೆಯೇ ನೋಡಿಕೊಳ್ಳಿ. ಹಳೆಯ ಕಾರುಗಳಲ್ಲಿ ಅದು ತುಕ್ಕು ಹಿಡಿದು ಕೂತಿರುತ್ತದೆ. ಇದ್ದ ಆಯಿಲ್ ಪೂರ್ತಿ ಇಳಿಸಿದ ಮೇಲೆ ತುಂಬಿಸಲು ದಾರಿಯಿಲ್ಲ ಅಂತಾದರೆ ಕಾರು ಅಲ್ಲೇ ನಿಲ್ಲುತ್ತದೆ.

ಬ್ರೇಕ್ ಆಯಿಲ್ ಕಥೆ ಬೇರೆ. ಅದು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ, ಕಾರು ಓಡಲಿ ಬಿಡಲಿ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅನ್ನುವುದು ನಿಯಮ. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಾ ಬರುವಾಗ ಆಯಿಲ್ ಕುದ್ದು ಆವಿಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು ಅಂತ ಹೆಚ್ಚಿನ ಕಂಪನಿಗಳು ಹೇಳುತ್ತವೆ. ನನ್ನ ಕಾರಿನಲ್ಲಿ ಅದು ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು.

ಏರ್ ಫಿಲ್ಟರ್, ಎಸಿ ಫಿಲ್ಟರ್, ಪ್ಲಗ್, ವೈಪರ್ ಇವನ್ನೆಲ್ಲ ಒಂದೇ ದಿನ ಬದಲಿಸಿ ಮರೆತುಬಿಡಿ.

ಇನ್ನು ನನಗೆ ತುಂಬಾ ಇಷ್ಟವಾದ ಕೆಲಸ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತುವುದು. ಎಡಗೈಯಲ್ಲಿ ಹಳೇ ಬಟ್ಟೆ, ಬಲಗೈಯಲ್ಲಿ ಡಿಪ್‌ಸ್ಟಿಕ್. ಒರೆಸಿ, ಹಾಕಿ, ಮತ್ತೆ ಎಳೆದು ನೋಡುವುದು. ಆಮೇಲೆ ಕೂಲಂಟ್ ಡಬ್ಬಿ. ಅದರ ಮೇಲೆ ಮಾರ್ಕರ್ ಪೆನ್ನಿನಿಂದ ಒಂದು ಗೆರೆ ಎಳೆದಿದ್ದೇನೆ, ಪಕ್ಕದಲ್ಲಿ ತಾರೀಖು. ಕೊನೆಗೆ ರಾತ್ರಿ ಎಂಜಿನ್ ಕೆಳಗೆ ಹಾಸಿಟ್ಟ ರಟ್ಟು ಎಳೆದು ನೋಡುವುದು. ರಟ್ಟಿನ ಮೇಲೆ ಕಂದು ಅಥವಾ ಕಪ್ಪು ಕಲೆ ಇದ್ದರೆ ಎಂಜಿನ್ ಆಯಿಲ್. ಹಸಿರು, ಗುಲಾಬಿ ಅಥವಾ ಕಿತ್ತಳೆ ಬಣ್ಣದ್ದಾಗಿ ಸಿಹಿ ವಾಸನೆ ಬಂದರೆ ಕೂಲಂಟ್. ಚಕ್ರದ ಹತ್ತಿರ ತಿಳಿ ಹಳದಿ ಜಿಡ್ಡು ಕಂಡರೆ ಕಾರು ತೆಗೆಯಲೇಬೇಡಿ, ಅದು ಬ್ರೇಕ್ ಆಯಿಲ್ ಇರಬಹುದು. ಬರೀ ನೀರಾದರೆ ಎಸಿಯದು, ಬಿಡಿ. ಐದು ನಿಮಿಷದ ಈ ಕೆಲಸಕ್ಕೆ ಮನೆಯವರು ನಗುತ್ತಾರೆ. ನಗಲಿ.

ಈ ಗೆರೆಯಿಂದಲೇ ಗೊತ್ತಾಗಿದ್ದು, ಕೂಲಂಟ್ ಇಳಿಯುತ್ತಿದೆ ಅಂತ. ಜೋರಾಗಿ ಅಲ್ಲ, ಒಂದೊಂದು ಕೂದಲೆಳೆಯಷ್ಟು. ರಟ್ಟಿನ ಮೇಲೆ ಮಾತ್ರ ಒಂದು ಹನಿಯೂ ಇಲ್ಲ. ತಲೆ ಕೆಡಿಸುವುದು ಇಂಥದ್ದೇ. ಸುರಿದರೆ ಹುಡುಕಬಹುದು, ಸುರಿಯದೆ ಕಮ್ಮಿಯಾದರೆ ಮನಸ್ಸು ಸೀದಾ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಎರಡು ಭಾಗಗಳ ನಡುವಿನ ಸೀಲ್) ಕಡೆಗೇ ಓಡುತ್ತದೆ, ಅದು ಹೋದರೆ ಕೂಲಂಟ್ ಎಂಜಿನ್ ಒಳಗೇ ಸೇರುತ್ತದೆ. ಆದರೆ ಆಯಿಲ್ ಮುಚ್ಚಳದ ಒಳಗೆ ಬೆಳ್ಳನೆ ಕೆನೆ ಇರಲಿಲ್ಲ, ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತಿರಲಿಲ್ಲ, ಡಬ್ಬಿಯಲ್ಲಿ ಗುಳ್ಳೆಗಳೂ ಏಳುತ್ತಿರಲಿಲ್ಲ. ಒಬ್ಬ ಮೆಕ್ಯಾನಿಕ್ "ಹಳೇ ಗಾಡಿ ಸಾರ್, ಸ್ವಲ್ಪ ಕುಡಿಯುತ್ತೆ, ನೀರು ಹಾಕ್ತಾ ಇರಿ" ಅಂದ. ಈ ಸಲಹೆ ದಯವಿಟ್ಟು ಯಾರೂ ಕೇಳಬೇಡಿ. ಬರೀ ನೀರಿನಲ್ಲಿ ತುಕ್ಕು ತಡೆಯುವ ಅಂಶ ಇರುವುದಿಲ್ಲ, ಕೂಲಂಟಿಗಿಂತ ಬೇಗ ಕುದಿಯುತ್ತದೆ ಬೇರೆ.

ಎರಡನೇ ಗ್ಯಾರೇಜಿನಲ್ಲಿ ಪ್ರೆಶರ್ ಟೆಸ್ಟ್ ಮಾಡಿದರು. ಕೂಲಂಟ್ ತುಂಬಿಸುವ ಕ್ಯಾಪ್ ಜಾಗಕ್ಕೆ ಒಂದು ಕೈಪಂಪು ಸಿಕ್ಕಿಸಿ, ಕ್ಯಾಪಿನ ಮೇಲೆ ಬರೆದಿರುವಷ್ಟು ಒತ್ತಡ ತುಂಬಿಸಿ, ಸುಮ್ನೆ ಕಾಯುವುದು. ಮುಳ್ಳು ನಿಧಾನಕ್ಕೆ ಇಳಿಯಿತು. ಟಾರ್ಚ್ ಹಿಡಿದು ಟೈಮಿಂಗ್ ಕವರಿನ ಹಿಂದೆ ನೋಡಿದಾಗ, ಕೂಲಂಟನ್ನು ಎಂಜಿನ್ ತುಂಬ ಓಡಿಸುವ ವಾಟರ್ ಪಂಪಿನ ಕೆಳಗೆ ಒಣಗಿದ ಗುಲಾಬಿ ಹಕ್ಕಳೆ. ಪಂಪಿನ ಸೀಲ್ ಸವೆದರೆ ಕೂಲಂಟ್ ಹೊರಗೆ ಬರಲಿ ಅಂತಲೇ ಅಲ್ಲಿ ಒಂದು ಸಣ್ಣ ತೂತು ಬಿಟ್ಟಿರುತ್ತಾರೆ. ಅಲ್ಲಿಂದ ಜಿನುಗಿದ್ದು ಬಿಸಿ ಎಂಜಿನ್ ಮೇಲೆಯೇ ಆರಿಹೋಗುತ್ತಿತ್ತು. ನೆಲಕ್ಕೆ ಬೀಳುವಷ್ಟು ಉಳಿಯುತ್ತಲೇ ಇರಲಿಲ್ಲ.

ಈಗ ಬಿಲ್ಲಿನ ವಿಷಯ. ಈ ಎಂಜಿನ್ನಿನಲ್ಲಿ ವಾಟರ್ ಪಂಪನ್ನು ತಿರುಗಿಸುವುದು ಟೈಮಿಂಗ್ ಬೆಲ್ಟೇ. ಪಂಪ್ ಮುಟ್ಟಬೇಕಾದರೆ ಎಂಜಿನ್ ಮೌಂಟ್ (ಎಂಜಿನ್ನನ್ನು ಹಿಡಿದಿರುವ ರಬ್ಬರ್ ಕಟ್ಟು), ಪುಲ್ಲಿ, ಕವರ್, ಬೆಲ್ಟ್ ಎಲ್ಲ ಬಿಚ್ಚಲೇಬೇಕು. ಅಂದರೆ ಬೆಲ್ಟ್ ಹಾಕಿದ ದಿನ ಪಂಪ್ ಅವರ ಕಣ್ಣ ಮುಂದೆಯೇ ಇತ್ತು. ಆದರೂ ಬದಲಿಸಿದ್ದು ಬೆಲ್ಟ್ ಒಂದನ್ನೇ. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಹಳೆಯದು, ಅದಕ್ಕೆ ದಾರಿ ತೋರುವ ಐಡ್ಲರ್ ಚಕ್ರ ಹಳೆಯದು, ಪಂಪ್ ಹಳೆಯದು. ಭಾಗಗಳ ಹಣ ಉಳಿಸಲು ಹೋಗಿ ಕೂಲಿಯನ್ನು ಮುಂದಿನವನ ತಲೆಗೆ ಕಟ್ಟಿದ್ದಾರೆ. ಆ ಮುಂದಿನವನು ನಾನು. ಇದನ್ನು ಬರೆಯುವಾಗಲೂ ಮೈ ಉರಿಯುತ್ತದೆ.

ಬರೀ ಹಣದ ಮಾತೂ ಅಲ್ಲ ಇದು. ಬಹಳಷ್ಟು ಎಂಜಿನ್‌ಗಳಲ್ಲಿ ವಾಲ್ವ್ ಮತ್ತು ಪಿಸ್ಟನ್ ಒಂದೇ ಜಾಗಕ್ಕೆ ಸರದಿಯಲ್ಲಿ ಬರುತ್ತವೆ. ಆ ಸರದಿಯನ್ನು ಕಾಯುವುದು ಬೆಲ್ಟ್. ಅದು ತುಂಡಾದರೆ, ಹಲ್ಲು ಹಾರಿದರೆ, ಎರಡೂ ಡಿಕ್ಕಿ ಹೊಡೆದು ವಾಲ್ವ್ ಬಾಗುತ್ತವೆ. ಸೋರುವ ಕೂಲಂಟ್ ಬೆಲ್ಟಿಗೆ ತಾಗಿದರೆ ಹೊಸ ಬೆಲ್ಟೂ ಬೇಗ ಹಾಳಾಗುತ್ತದೆ. ಹಳೇ ಪಂಪಿನ ಬೇರಿಂಗ್ ಹಿಡಿದುಕೊಂಡರೂ ಅದೇ ಗತಿ. ಹಾಗಾಗಿ ಮಾರುವವರು ಬೆಲ್ಟ್ ಬಿಲ್ ತೋರಿಸಿದರೆ ಪೂರ್ತಿ ಓದಿ. ಪಂಪ್, ಟೆನ್ಷನರ್, ಐಡ್ಲರ್ ಹೆಸರು ಇಲ್ಲದಿದ್ದರೆ ಆ ಕೆಲಸ ಆಗಿಲ್ಲ ಅಂತಲೇ ಬೆಲೆ ಮಾತಾಡಿ. ಬಿಲ್ಲೇ ಇಲ್ಲದಿದ್ದರಂತೂ ಮೊದಲ ಖರ್ಚು ಇದೇ. ಬೆಲ್ಟಿಗೆ ಕಿಲೋಮೀಟರ್ ಜೊತೆ ವರ್ಷದ ಮಿತಿಯೂ ಇರುತ್ತದೆ, ಕಾರಿನ ಪುಸ್ತಕದಲ್ಲಿ ಎರಡನ್ನೂ ನೋಡಿ. ಬೆಲ್ಟಿನ ಬದಲು ಚೈನ್ ಇರುವ ಎಂಜಿನ್ ಆದರೆ ಬೆಳಿಗ್ಗೆ ಮೊದಲ ಸ್ಟಾರ್ಟಿನಲ್ಲಿ ಗಲಗಲ ಸದ್ದು ಬರುತ್ತದಾ ಅಂತ ಕಿವಿಗೊಡಿ.

ಎಲ್ಲ ಬಿಚ್ಚಿದ ಮೇಲೆ ನಾನು ಕಂಜೂಸು ಮಾಡಲಿಲ್ಲ. ಪಂಪ್, ಬೆಲ್ಟ್, ಟೆನ್ಷನರ್, ಐಡ್ಲರ್, ಮುಂದಿನ ಕ್ರ್ಯಾಂಕ್ ಆಯಿಲ್ ಸೀಲ್, ಥರ್ಮೋಸ್ಟಾಟ್, ರೇಡಿಯೇಟರ್ ಹೋಸುಗಳು ಎಲ್ಲ ಹೊಸದು. ಹಳೇ ಹೋಸನ್ನು ಹಿಂಡಿದಾಗ ಒಳಗಿನಿಂದ ಚರಚರ ಅಂದಿತು. ಎತ್ತಿಟ್ಟ ಹಣದಲ್ಲಿ ದೊಡ್ಡ ಪಾಲು ಅಲ್ಲೇ ಹೋಯಿತು.

ಅದೇ ಹೊತ್ತಿನಲ್ಲಿ ಮೆಕ್ಯಾನಿಕ್ ಎಂಜಿನ್ ಮೌಂಟ್ ಕೈಗೆ ಕೊಟ್ಟು "ನೋಡಿ ಸಾರ್" ಅಂದ. ರಬ್ಬರ್ ಸೀಳಿ ಲೋಹಕ್ಕೆ ಲೋಹ ಕೂತಿತ್ತು. ಹೇಗೂ ಬಿಚ್ಚಿದ್ದಾಗಿದೆ, ಮೂರೂ ಮೌಂಟ್ ಹೊಸದು ಹಾಕಿಬಿಡಿ ಅಂದೆ. ನನ್ನ ಸಿಟ್ಟು ಇಳಿದಿದ್ದು ಅಲ್ಲಿಂದ. ಕಾರು ವಾಪಸ್ ತಂದ ದಿನ ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ಆಫ್ ಆಯಿತೇನೋ ಅಂತ ಟ್ಯಾಕೋಮೀಟರ್ ನೋಡಿದೆ. ಸ್ಟೇರಿಂಗಿನ ನಡುಕ ಇಲ್ಲ, ಕನ್ನಡಿಯಲ್ಲಿ ಹಿಂದಿನ ಗಾಡಿ ಅಲುಗಾಡುತ್ತಿಲ್ಲ, ಮೊದಲ ಗೇರಿನ ಜರ್ಕ್ ಮಾಯ. ಎಂಜಿನ್ನಿಗೆ ವಯಸ್ಸಾಯಿತು ಅಂತ ಜನ ಹೇಳುವ ದೂರುಗಳಲ್ಲಿ ಅರ್ಧ ಈ ರಬ್ಬರಿನವೇ ಇರಬಹುದು. ಲೋಹ ಇಷ್ಟು ಓಡಿದರೂ ಗಟ್ಟಿಯಾಗಿದೆ. ಸಿಲಿಂಡರ್‌ಗಳ ಕಂಪ್ರೆಷನ್ (ಒಳಗೆ ಹಿಡಿದಿಡುವ ಒತ್ತಡ) ಅಳೆದಾಗ ಒಂದಕ್ಕೊಂದು ಹತ್ತಿರವೇ ಬಂತು. ಸೋತಿದ್ದು ಮೌಂಟ್, ಹೋಸ್, ಸೀಲ್, ಸಸ್ಪೆನ್ಷನ್ ಬುಷ್, ಆಕ್ಸಲ್ ಬೂಟ್ (ಆಕ್ಸಲ್ ಜಾಯಿಂಟಿನ ರಬ್ಬರ್ ಕವಚ). ಬೂಟ್ ಹರಿದಿದ್ದರೆ ಬೇಗ ಹಾಕಿಸಿ. ಗ್ರೀಸ್ ಹೋಗಿ ಮಣ್ಣು ಸೇರಿ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟಕಟಕ ಸದ್ದು ಶುರುವಾದರೆ ಜಾಯಿಂಟೇ ಹೋದ ಹಾಗೆ.

ಟಯರಿನ ವಿಷಯಕ್ಕೂ ಇದೇ ಮಾತು. ಮೇಲಿನ ಗೀರುಗಳ ಆಳ ಚೆನ್ನಾಗಿತ್ತು, ಹೊಳಪೂ ಇತ್ತು, ವಯಸ್ಸು ಮಾತ್ರ ಆಗಿತ್ತು. ಟಯರಿನ ಪಕ್ಕದಲ್ಲಿ DOT ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ: 2314 ಅಂದರೆ 2014ರ 23ನೇ ವಾರ. ಸ್ಟೆಪ್ನಿ ಅದಕ್ಕಿಂತಲೂ ಹಿರಿಯ. ಎಲ್ಲ ತೆಗೆಸಿದೆ. ಹಳೆ ಟಯರುಗಳ ಒಳಅಂಚು ಮಾತ್ರ ಸವೆದಿದ್ದರಿಂದ ಅಲೈನ್‌ಮೆಂಟ್ ಸರಿ ಮಾಡಿಸಿ ಆಮೇಲೆ ಹೊಸದು ಹಾಕಿಸಿದೆ. ಮೊದಲೇ ಹಾಕಿಸಿದ್ದರೆ ಅವೂ ಹಾಗೇ ಸವೆಯುತ್ತಿದ್ದವು.

ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡ್ ಓದುವ ಒಂದು ಅಗ್ಗದ ಸ್ಕ್ಯಾನರ್ ಕೊಳ್ಳಿ, ಸಾಧ್ಯವಾದರೆ ಕಾರು ಕೊಳ್ಳುವ ಮುಂಚೆಯೇ. ಕೋಡ್ ಇಲ್ಲ ಅಂತ ಬಂದರೆ ಅಲ್ಲಿಗೇ ನಿಲ್ಲಬೇಡಿ. ರೆಡಿನೆಸ್ ಅನ್ನುವ ಪುಟ ತೆರೆಯಿರಿ, ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಂಡಿದೆಯೇ ಅಂತ ಅದು ಹೇಳುತ್ತದೆ. ಹಲವು ಪರೀಕ್ಷೆಗಳು ಇನ್ನೂ ಮುಗಿದಿಲ್ಲ ಅಂತ ತೋರಿಸಿದರೆ ಇತ್ತೀಚೆಗೆ ಯಾರೋ ಕೋಡ್ ಅಳಿಸಿರಬಹುದು, ಇಲ್ಲವೇ ಬ್ಯಾಟರಿ ಬಿಚ್ಚಿರಬಹುದು.

ಇಂಥ ಕಾರು ಮತ್ತೆ ಕೊಳ್ಳುತ್ತೀಯಾ ಅಂದರೆ, ಕೊಳ್ಳುತ್ತೇನೆ. ಬಾನೆಟ್ ಎತ್ತುವುದೇ ಬೇಜಾರು ಅನ್ನುವವರಿಗೆ ಮಾತ್ರ ಇದನ್ನು ಹೇಳಲಾರೆ. ಗೆರೆಯ ಮೇಲೆ ಕೂಲಂಟ್ ಈಗ ಅಲ್ಲಾಡದೆ ನಿಂತಿದೆ. ಹಿಂದಿನ ಶಾಕ್ ಅಬ್ಸಾರ್ಬರ್ ಒಂದು ಸ್ವಲ್ಪ ಜಿಡ್ಡಾಗಿದೆ, ಜೋಡಿಯಾಗಿಯೇ ಬದಲಿಸಬೇಕು. ಕ್ಲಚ್ ಪೆಡಲ್ ತುಂಬಾ ಮೇಲೆ ಬಂದು ಹಿಡಿಯುತ್ತಿದೆ, ಕ್ಲಚ್ ಸವೆದಿರಬೇಕು. ಅದಕ್ಕೆ ಗೇರ್‌ಬಾಕ್ಸ್ ಇಳಿಸಿದಾಗ ಹಿಂದಿನ ಕ್ರ್ಯಾಂಕ್ ಸೀಲನ್ನೂ ಹಾಕಿಸುತ್ತೇನೆ, ಬಿಲ್ಲಿನಲ್ಲಿ ಬರೆಸುತ್ತೇನೆ ಕೂಡ.