ಆರ್ಮಿ ಸ್ಟಾಕ್ ಅಂತ ಹೇಳಿ ನೀರಿನ ಪೈಪ್ ಹಾಕಿದರು, ದಯವಿಟ್ಟು ಹುಷಾರಾಗಿರಿ

ಹಳೇ ಮಿಲಿಟರಿ ಗಾಡಿ ರೆಡಿ ಮಾಡಿಸುತ್ತಿರುವವರು ಇದನ್ನು ಪೂರ್ತಿ ಓದಿ. ಬೆಳಗಾವಿ ಸುತ್ತಮುತ್ತಲಿನವರಂತೂ ಓದಲೇಬೇಕು. ಮೂರು ವಾರದಿಂದ ನಾಚಿಕೆಗೆ ಸುಮ್ಮನಿದ್ದೆ. ಆರ್ಮಿ ಸ್ಟಾಕ್ ಎಕ್ಸಾಸ್ಟ್ ಅಂತ ಹೇಳಿ ನನ್ನ ಗಾಡಿಗೆ ನೀರಿನ ಪೈಪ್ ಹಾಕಿದ ವ್ಯಾಪಾರಿ, ನನಗೆ ತೋರಿಸಿದ್ದ ಫೋಟೋವನ್ನೇ ಮೊನ್ನೆ ಇನ್ನೊಬ್ಬರಿಗೆ ಕಳಿಸಿದ್ದಾನೆ ಅಂತ ಗೊತ್ತಾಯಿತು. ಇನ್ನು ಸುಮ್ಮನಿರಲು ಆಗಲ್ಲ.

ನನ್ನದು ನಿಸಾನ್ ಒನ್ ಟನ್, ಸೈನ್ಯದ ಸಣ್ಣ ಲಾರಿ. ಜಬಲ್ಪುರದ ವೆಹಿಕಲ್ ಫ್ಯಾಕ್ಟರಿಯಲ್ಲಿ ಸೈನ್ಯಕ್ಕೆ ಅಂತಲೇ ತಯಾರಾದ ಗಾಡಿ. ಆರು ಸಿಲಿಂಡರ್, 3956 ಸಿಸಿ ಪೆಟ್ರೋಲ್ ಇಂಜಿನ್. ಅಪ್ಪ ಸೈನ್ಯದಲ್ಲಿ ಡ್ರೈವರ್ ಆಗಿದ್ದಾಗ ಇದನ್ನೇ ಓಡಿಸಿದವರು. ಅವರಿಗಾಗಿಯೇ ಕೊಂಡೆ. ಒಂದೂವರೆ ವರ್ಷ ಕೂತು ಬ್ರೇಕ್, ವೈರಿಂಗ್, ಕಾರ್ಬುರೇಟರ್, ತಾಡಪತ್ರಿ ಎಲ್ಲ ಮುಗಿಸಿದ್ದೆ. ಉಳಿದದ್ದು ಎಕ್ಸಾಸ್ಟ್ ಒಂದೇ, ಅಂದರೆ ಇಂಜಿನ್ ಹೊಗೆ ಹೊರಗೆ ಹೋಗುವ ಪೈಪ್ ಮತ್ತು ಸೈಲೆನ್ಸರ್. ಸೈಲೆನ್ಸರ್ ತುಕ್ಕು ಹಿಡಿದು ಜರಡಿ ಆಗಿತ್ತು. ಇಂಜಿನ್‌ನಿಂದ ಸೈಲೆನ್ಸರ್‌ವರೆಗಿನ ಮುಂದಿನ ಪೈಪ್ ಮಾತ್ರ ತೂತಾಗಿದ್ದರೂ ಆಕಾರ ಉಳಿಸಿಕೊಂಡಿತ್ತು. ಆ ಪೈಪ್ ನೆನಪಿಟ್ಟುಕೊಳ್ಳಿ. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಅದಕ್ಕೇ.

ಪರಿಚಯದವರ ಮೂಲಕ ಒಬ್ಬ ವ್ಯಾಪಾರಿ ಸಿಕ್ಕ. ಹೆಸರು ಬರೆಯುವುದಿಲ್ಲ. "ಸಾಹೇಬ್ರ, ಆರ್ಮಿ ಸ್ಟಾಕ್ ಐತ್ರಿ, ಒಮ್ಮೆನೂ ಗಾಡಿಗೆ ಹತ್ತಿಲ್ಲರಿ, ಪ್ಯಾಕೆಟ್ ಮಾಲ್" ಅಂದ. ಹಸಿರು ಬಣ್ಣದ ಮರದ ಪೆಟ್ಟಿಗೆ, ಗ್ರೀಸ್ ಹಚ್ಚಿದ ಕಾಗದ, ಮೇಲೆ ಬಿಳಿ ಅಕ್ಷರದಲ್ಲಿ ನಂಬರ್. ಫೋಟೋ ನೋಡಿಯೇ ಮನಸ್ಸು ಸೋತಿತು. ಪೂರ್ತಿ ಸೆಟ್‌ಗೆ 18,500 ರೂಪಾಯಿ, ಫಿಟ್ಟಿಂಗ್ ಅವನದೇ. ಬಿಲ್ ಕೇಳಿದೆ. "ಬಿಲ್ ಮಾಡಿದ್ರ ಜಾಸ್ತಿ ಆಗತೈತ್ರಿ, ನಮ್ಮ ನಿಮ್ಮ ನಡುವ ಎಂಥಾ ಬಿಲ್ರಿ" ಅಂದ. ಪೂರ್ತಿ ದುಡ್ಡು ಫೋನಿನಲ್ಲೇ ಕಳಿಸಿದೆ. ಪೂರ್ತಿ!

ಫಿಟ್ಟಿಂಗ್ ದಿನ ನಾನು ಅಲ್ಲೇ ನಿಂತಿದ್ದೆ. ಪೈಪಿಗೆಲ್ಲ ಕಪ್ಪು ಬಣ್ಣ ಬಳಿದಿತ್ತು. ಪೈಪಿನ ತುದಿಯ ಫ್ಲೇಂಜ್ (ಬೋಲ್ಟ್ ಹಾಕಿ ಜೋಡಿಸುವ ಚಪ್ಪಟೆ ಅಂಚು) ಹೊಂದಲಿಲ್ಲ ಅಂತ ಕತ್ತರಿಸಿ ಮತ್ತೆ ವೆಲ್ಡಿಂಗ್ ಮಾಡಿದರು. ಪೆಟ್ಟಿಗೆಯಲ್ಲಿ ಬಂದ, ಇದೇ ಗಾಡಿಯ ಮಾಲ್ ಆಗಿದ್ದರೆ ಕತ್ತರಿಸುವುದು ಯಾಕೆ? ಆಗಲೇ ಕೇಳಬೇಕಿತ್ತು. ಬೆಂಕಿ ತಾಗಿದ ಕೂಡಲೇ ದಟ್ಟ ಬಿಳಿ ಹೊಗೆ ಎದ್ದಿತು. ಬೆಸುಗೆಯ ಅಂಚಿನಲ್ಲಿ ಹತ್ತಿಯಂಥ ಬಿಳಿ ನೂಲು ಹಿಡಿದುಕೊಂಡಿತ್ತು. "ಬಣ್ಣ ಸುಡಾಕತ್ತೈತ್ರಿ" ಅಂದ. ಹೊಗೆ ಸೋರದಂತೆ ಗ್ಯಾಸ್ಕೆಟ್ ಕೂರಿಸುವ ಜಾಗಕ್ಕೆ ಬರೀ ಸಿಲಿಕಾನ್ ಪೇಸ್ಟ್ ಹಚ್ಚಿದರು. ಸಿಲಿಂಡರ್‌ಗಳ ಹೊಗೆ ಒಟ್ಟಿಗೆ ಸೇರುವ ಮ್ಯಾನಿಫೋಲ್ಡ್ ಹತ್ತಿರದ ಶಾಖಕ್ಕೆ ಅದು ಎಷ್ಟು ದಿನ ತಡೆಯುತ್ತದೆ? ಮ್ಯಾನಿಫೋಲ್ಡ್‌ನ ಸ್ಟಡ್‌ಗೆ (ತಲೆ ಇಲ್ಲದ ಬೋಲ್ಟ್) ಇದ್ದ ಹಿತ್ತಾಳೆ ನಟ್ ತೆಗೆದು ಕಬ್ಬಿಣದ ನಟ್ ಬಿಗಿದರು. ಹಿತ್ತಾಳೆ ಹಾಕುವುದೇ ಮುಂದೆ ತುಕ್ಕಿಗೆ ಕಚ್ಚಿಕೊಳ್ಳಬಾರದು ಅಂತ ಅಲ್ವಾ? ವೆಲ್ಡಿಂಗ್ ಹುಡುಗ ಮರುದಿನ ಕೆಲಸಕ್ಕೆ ಬರಲಿಲ್ಲ, ರಾತ್ರಿಯೆಲ್ಲ ಚಳಿಜ್ವರ ಅಂತ ಹೇಳಿದರು. ನನಗೆ ತಲೆಗೆ ಹೋಗಲಿಲ್ಲ. ಹೋಗುವಾಗ ಹಳೇ ಪೈಪ್, ಹಳೇ ಸೈಲೆನ್ಸರ್, ಹಿತ್ತಾಳೆ ನಟ್ ಎಲ್ಲ ತಮ್ಮ ಟೆಂಪೋದಲ್ಲಿ ಹಾಕಿಕೊಂಡು ಹೋದರು. ನಾನೇ ಕೈ ಹಚ್ಚಿ ಎತ್ತಿಕೊಟ್ಟೆ.

ಆ ಭಾನುವಾರ ಹುಕ್ಕೇರಿ ಕಡೆಯ ನಮ್ಮ ಊರಿಗೆ ಹೊರಟೆವು. ಅಪ್ಪ ಮುಂದೆ, ತಂಗಿ ಮತ್ತು ಅವಳ ಮಗ ಹಿಂದೆ ತಾಡಪತ್ರಿ ಕೆಳಗೆ. ಒರಿಜಿನಲ್ ಸೈಲೆನ್ಸರ್ ಸಿಕ್ಕಿದೆ ಅಂತ ಊರಲ್ಲೆಲ್ಲ ಹೇಳಿಬಿಟ್ಟಿದ್ದೆ. ಕಾಕತಿ ದಾಟುವಾಗಲೇ ಟಿಕ್ ಟಿಕ್ ಅಂತ ಸದ್ದು. ವಂಟಮೂರಿ ಘಾಟ್‌ನಲ್ಲಿ ತಂಗಿ ಹಿಂದಿನಿಂದ ತಟ್ಟಿದಳು. "ಅಣ್ಣಾ, ಗಾಡಿ ನಿಂದರಸು, ಇವಾ ವಾಂತಿ ಮಾಡಾಕತ್ತಾನ." ಹುಡುಗನ ಮುಖ ಬಿಳಚಿಕೊಂಡಿತ್ತು. ತಂಗಿಗೂ ತಲೆ ಸಿಡಿಯುತ್ತಿತ್ತು. ಸೋರಿದ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷದ ಗಾಳಿ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮುಚ್ಚಿದ ತಾಡಪತ್ರಿ ಕೆಳಗೆ ಅದು ತುಂಬಿಕೊಂಡರೆ ಕೂತವರಿಗೆ ಗೊತ್ತಾಗುವುದೇ ಇಲ್ಲ. ಇನ್ನು ಅರ್ಧ ಗಂಟೆ ಹಾಗೇ ಓಡಿಸಿದ್ದರೆ? ಈಗಲೂ ರಾತ್ರಿ ಅದೇ ನೆನಪಾಗುತ್ತದೆ. ಗಾಳಿಗೆ ಕೂರಿಸಿದ ಮೇಲೆ ಹುಡುಗ ಸುಧಾರಿಸಿಕೊಂಡ, ದೇವರು ದೊಡ್ಡವನು.

ಅಪ್ಪ ಗಾಡಿ ಕೆಳಗೆ ಬಗ್ಗಿ ನೋಡಿದರು. ಫ್ಲೇಂಜ್ ಸುತ್ತ ಮಸಿ. ಅದರ ಹಿಂದೆ ಬಣ್ಣ ಸುಟ್ಟುಹೋದ ಜಾಗದಲ್ಲಿ ಹಳದಿ ಪುಡಿ. ನಾವು ನೋಡುತ್ತಿದ್ದ ಹಾಗೇ, ಪೈಪ್ ತಣ್ಣಗಾದಂತೆ ಆ ಹಳದಿ ಬೆಳ್ಳಗಾಯಿತು. ಅಪ್ಪ ಹಿಂದಿನ ತುದಿಗೆ ಹೋಗಿ ನಾಣ್ಯದಿಂದ ಕಪ್ಪು ಬಣ್ಣ ಕೆರೆದರು. ಕೆಳಗೆ ಬೆಳ್ಳಿಯಂಥ ಹೊಳಪು. ಇನ್ನೂ ನಾಲ್ಕು ಬೆರಳು ಆಚೆ ಕೆರೆದರೆ ನೀಲಿ ಪಟ್ಟಿ.

ನೀಲಿ ಪಟ್ಟಿ! ನಮ್ಮ ಹೊಲದ ಮೋಟರಿಗೆ ಜೋಡಿಸಿದ ಜಿಐ ಪೈಪಿನ ಮೇಲೂ ಅದೇ ಇದೆ. ಮೀಡಿಯಂ ಕ್ಲಾಸ್ ನೀರಿನ ಪೈಪಿಗೆ ಹಾಕುವ ಗುರುತು ಅದು.

"ಇದು ನೀರಿನ ಪೈಪ್ ಅಲ್ಲೇನೋ ತಮ್ಮಾ?" ಅಂದರು ಅಪ್ಪ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ರಸ್ತೆ ಬದಿಯಲ್ಲಿ ನಿಂತು ಕಣ್ಣಲ್ಲಿ ನೀರು ಬಂತು.

ಆಮೇಲೆ ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸ ಮಾಡುವ ಗೆಳೆಯ ಬಂದು ನೋಡಿ ತಲೆ ಚಚ್ಚಿಕೊಂಡ. ಜಿಐ ಪೈಪಿನ ಮೇಲಿರುವುದು ಸತುವಿನ ಲೇಪ, ನಾವು ನೋಡಿದ ಹಳದಿ ಪುಡಿ ಅದು ಸುಟ್ಟು ಆದದ್ದೇ. ಸತು ಸುಮಾರು 420 ಡಿಗ್ರಿಗೇ ಕರಗುತ್ತದೆ. ಲೋಡ್ ಬಿದ್ದಾಗ ಮ್ಯಾನಿಫೋಲ್ಡ್ ಹತ್ತಿರದ ಹೊಗೆಯ ಶಾಖ ಅದಕ್ಕಿಂತ ಎಷ್ಟೋ ಜಾಸ್ತಿ. ವೆಲ್ಡಿಂಗ್ ಹುಡುಗನಿಗೆ ಚಳಿಜ್ವರ ಬಂದದ್ದೂ ವೆಲ್ಡಿಂಗ್ ಮಾಡುವಾಗ ಆ ಸತುವಿನ ಹೊಗೆ ಕುಡಿದೇ ಇರಬೇಕು ಅಂದ. ಮೇಲಾಗಿ ಎರಡಿಂಚಿನ ಆ ಪೈಪ್ ಮೀಟರಿಗೆ ಐದು ಕೆಜಿ ತೂಗುತ್ತದೆ. ಆ ಭಾರವನ್ನೆಲ್ಲ ಹಳೇ ಬೀಡಿನ (ಎರಕದ ಕಬ್ಬಿಣದ) ಮ್ಯಾನಿಫೋಲ್ಡ್‌ಗೆ ಜೋತುಬಿಟ್ಟಿದ್ದರು. ಬಿಚ್ಚುವಾಗ ಒಂದು ಸ್ಟಡ್ ಮುರಿಯಿತು. "ಹೊಸ" ಸೈಲೆನ್ಸರ್ ಒಳಗೆ ಬೆರಳು ಹಾಕಿದರೆ ದಪ್ಪ ಕಪ್ಪು ಮಸಿ ಅಂಟಿಕೊಂಡು ಬಂತು. ಒಂದೇ ದಿನ ಓಡಿಸಿದ್ದಕ್ಕೆ ಅಷ್ಟು ಮಸಿಯೇ? ಯಾವ ಗಾಡಿಯಿಂದ ಬಿಚ್ಚಿದ್ದೋ ಏನೋ.

ಆ ವ್ಯಾಪಾರಿಗೆ ಫೋನ್ ಮಾಡಿದೆ. ಮೊದಲು "ಮಿಲಿಟರಿ ಮಾಲ್ ಹಂಗ ಇರತೈತ್ರಿ" ಅಂದ. ನೀಲಿ ಪಟ್ಟಿಯ ಫೋಟೋ ಕಳಿಸಿದೆ. "ಹಳೇ ಗಾಡಿಗೆ ಇಷ್ಟ ಸಾಕ್ರಿ, ನೀವೇನ ದಿನಾ ಹೊಡೀತೀರೇನ್ರಿ?" ಮಗು ವಾಂತಿ ಮಾಡಿಕೊಂಡಿತು ಅಂದೆ. "ಘಾಟ್‌ನಾಗ ಹುಡುಗ್ರು ವಾಂತಿ ಮಾಡೂದು ಹೊಸಾದೇನ್ರಿ?" ಈ ಮಾತನ್ನು ನಾನು ಸಾಯುವವರೆಗೆ ಮರೆಯಲ್ಲ. ದುಡ್ಡು ವಾಪಸ್ ಕೊಡು ಅಂದರೆ "ಫಿಟ್ ಆದ ಮಾಲ್ ವಾಪಸ್ ಇಲ್ಲರಿ. ನೀವ ಮುಂದ ನಿಂತ ಮಾಡಿಸೀರಿ" ಅಂತ ನನ್ನ ಮೇಲೇ ಹಾಕಿದ. ಹೋಗಲಿ, ನನ್ನ ಹಳೇ ಪೈಪ್ ಆದರೂ ಕೊಡು ಅಂತ ಕೇಳಿಕೊಂಡೆ. ಹೌದು, ಕೇಳಿಕೊಂಡೆ. "ಅದು ಅವತ್ತ ಗುಜರಿಗೆ ಹೋತ್ರಿ. ಬೇಕಂದ್ರ ಕೆಜಿ ಲೆಕ್ಕದಾಗ ರೊಕ್ಕಾ ಕೊಡ್ತೇನಿ" ಅಂದ. ಆಮೇಲೆ ಫೋನ್ ಎತ್ತಲಿಲ್ಲ.

ಹದಿನೆಂಟು ಸಾವಿರ ಹೋದದ್ದಕ್ಕಿಂತ ಆ ತುಕ್ಕು ಹಿಡಿದ ಪೈಪ್ ಹೋದದ್ದೇ ದೊಡ್ಡ ನಷ್ಟ. ಅದರಲ್ಲಿ ಬಾಗು ಎಲ್ಲಿ, ಚಾಸಿಯಿಂದ ಎಷ್ಟು ದೂರ, ಕ್ಲಾಂಪ್ ಎಲ್ಲಿ ಅಂತ ಎಲ್ಲ ಇತ್ತು. ನನ್ನ ಹತ್ತಿರ ಇದ್ದ ನಕ್ಷೆ ಅದೊಂದೇ. ಹೊಸದು ಕೂತು, ಗಾಡಿ ಓಡಿ, ಬಿಸಿಯಾಗಿ ತಣ್ಣಗಾಗಿ, ಮತ್ತೊಮ್ಮೆ ನಟ್ ಬಿಗಿಯುವವರೆಗೆ ಹಳೇ ತುಂಡು ನಿಮ್ಮ ಅಂಗಳ ದಾಟಬಾರದು. ಯಾರು ಎಷ್ಟೇ ಸಲುಗೆಯಿಂದ ಕೇಳಿದರೂ ಕೊಡಬೇಡಿ. ಬಣ್ಣ ಬಳಿದ ಮಾಲ್ ಬಂದರೆ ಎದುರಿಗೇ ಕೆರೆದು ನೋಡಿ. ಕೆರೆಯಬೇಡಿ ಅಂದರೆ ವಾಪಸ್ ಕಳಿಸಿ. ಬಿಲ್ ಇಲ್ಲದೆ ಪೂರ್ತಿ ದುಡ್ಡು ಕೊಡಬೇಡಿ. 1915 ಗ್ರಾಹಕ ಸಹಾಯವಾಣಿಗೆ ನಾನು ದೂರು ಕೊಟ್ಟಿದ್ದೇನೆ. ಕೈಯಲ್ಲಿ ಇರುವುದು ವಾಟ್ಸಾಪ್ ಮಾತು ಮತ್ತು ದುಡ್ಡು ಕಳಿಸಿದ ದಾಖಲೆ ಅಷ್ಟೇ.

ಗಾಡಿ ಈಗ ಮನೆ ಮುಂದೆ ಪೈಪ್ ಇಲ್ಲದೆ ನಿಂತಿದೆ. ಗೆಳೆಯ ಸತುವಿನ ಲೇಪ ಇಲ್ಲದ ಕಪ್ಪು ಎಂಎಸ್ (ಮೈಲ್ಡ್ ಸ್ಟೀಲ್) ಪೈಪಿನಲ್ಲಿ ಹೊಸದು ಮಾಡಿಕೊಡಲು ತಯಾರಿದ್ದಾನೆ, ಆದರೆ ಅಳತೆ ಬೇಕು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಯಾರ ಹತ್ತಿರವಾದರೂ ನಿಸಾನ್ ಒನ್ ಟನ್‌ನ ಮುಂದಿನ ಪೈಪ್ ಇದ್ದರೆ, ತೂತಾಗಿದ್ದರೂ ಪರವಾಗಿಲ್ಲ, ತಿಳಿಸಿ. ಬಿಚ್ಚುವುದು ಬೇಡ. ನಾನೇ ಅಪ್ಪನನ್ನು ಕರೆದುಕೊಂಡು ಬಂದು ಅಲ್ಲೇ ಅಳತೆ ತೆಗೆದುಕೊಳ್ಳುತ್ತೇನೆ.